ಗಾಡಿ ಓಡಿಸುವಾಗ ಮೊಬೈಲ್: ಅಪಘಾತವಾದರೆ ಪರಿಹಾರ ಯಾರ ತಲೆ ಮೇಲೆ?



ಕಳೆದ ವರ್ಷ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದರು. ಒಬ್ಬ ಸದಸ್ಯೆ ಮಾತ್ರ ಕೂತಲ್ಲೇ ಕೂತಿದ್ದರು. ಸಂಘದ ಸಾಲದಲ್ಲಿ ತಮ್ಮ ಹೆಸರಿಗೆ ಸ್ಕೂಟರ್ ತೆಗೆದುಕೊಂಡಿದ್ದರು. ಅದನ್ನು ಓಡಿಸುವುದು ಮಗ. ಅವನು ಹೆಲ್ಮೆಟ್ ಒಳಗೆ ಮೊಬೈಲ್ ಸಿಕ್ಕಿಸಿಕೊಂಡು ಮಾತಾಡುತ್ತಾ ಬಂದು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಹಿರಿಯರಿಗೆ ಗುದ್ದಿದ್ದ. ಅವರ ಕಾಲು ಮುರಿದಿತ್ತು. ಫೋನಿನಲ್ಲಿ ಮಾತಾಡುತ್ತಿದ್ದದ್ದನ್ನು ನೋಡಿದವರು ನಾಲ್ಕು ಜನ ಇದ್ದರು.

“ಸಿಸ್ಟರ್, ಮೊಬೈಲ್ ಹಿಡ್ಕೊಂಡು ಗಾಡಿ ಓಡಿಸಿದ್ರೆ ಇನ್ಶೂರೆನ್ಸ್ ಬರಲ್ಲ ಅಂತ ಎಲ್ರೂ ಹೇಳ್ತಾ ಇದ್ದಾರೆ. ಹಾಗಾದ್ರೆ ನನ್ನ ಮನೆ ಹೋಗುತ್ತಾ?” ಅಂತ ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಈಗ ಪ್ರತಿ ಸಂಘದಲ್ಲೂ ನಾಲ್ಕೈದು ಜನರ ಹೆಸರಿನಲ್ಲಿ ಗಾಡಿ ಇದೆ. ಎಷ್ಟೋ ಕಡೆ ಆರ್.ಸಿ. ಇರುವುದು ಹೆಂಡತಿಯ ಹೆಸರಿನಲ್ಲಿ, ಓಡಿಸುವುದು ಗಂಡ ಅಥವಾ ಮಗ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಮೊಬೈಲ್ ಬಳಸಿದ ಎಂಬ ಒಂದೇ ಕಾರಣಕ್ಕೆ, ಗಾಯಗೊಂಡ ಹೊರಗಿನ ವ್ಯಕ್ತಿಗೆ ಪರಿಹಾರ ಕೊಡುವುದಿಲ್ಲ ಅಂತ ವಿಮಾ ಕಂಪನಿ ಹೇಳುವಂತಿಲ್ಲ.

ಯಾಕೆ ಅಂತ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗೆ ಇಳಿಯುವ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಪಾಲಿಸಿ ಮಾಡಿಸಿದ ಮಾಲೀಕ ಒಂದನೇ ಪಾರ್ಟಿ, ವಿಮಾ ಕಂಪನಿ ಎರಡನೇ ಪಾರ್ಟಿ. ನಮ್ಮ ಗಾಡಿಯಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ಈ ವಿಮೆ ಇರುವುದೇ ಅವರಿಗೋಸ್ಕರ. ಓಡಿಸುವವನು ಅಜಾಗರೂಕತೆ ಮಾಡಿದಾಗಲೇ ಅಲ್ಲವೇ ಅವರಿಗೆ ಪೆಟ್ಟಾಗುವುದು? ಅಜಾಗರೂಕತೆ ಮಾಡಿದ್ದಾನೆ, ಆದ್ದರಿಂದ ಹಣವಿಲ್ಲ ಅಂತ ಹೇಳುವುದಾದರೆ ಈ ವಿಮೆಗೆ ಅರ್ಥವೇ ಉಳಿಯುವುದಿಲ್ಲ. ಮೊಬೈಲಿನಲ್ಲಿ ಮಾತಾಡುವುದೂ ಒಂದು ಅಜಾಗರೂಕತೆಯೇ. ನಿಜ ಹೇಳಬೇಕೆಂದರೆ, ಚಾಲಕ ಫೋನಿನಲ್ಲಿದ್ದ ಎಂದು ಸಾಬೀತಾದರೆ ಗಾಯಾಳುವಿನ ಕೇಸು ಇನ್ನೂ ಗಟ್ಟಿಯಾಗುತ್ತದೆ.

ಕಂಪನಿ ಯಾವ ಯಾವ ಕಾರಣ ಹೇಳಿ ತಪ್ಪಿಸಿಕೊಳ್ಳಬಹುದು ಎಂಬುದನ್ನು ಕಾಯ್ದೆಯೇ ಪಟ್ಟಿ ಮಾಡಿದೆ. 2019ರ ತಿದ್ದುಪಡಿಯ ನಂತರ ಈ ಪಟ್ಟಿ 150ನೇ ಕಲಮಿನಲ್ಲಿದೆ. ಓಡಿಸಿದವನಿಗೆ ಡಿ.ಎಲ್. ಇಲ್ಲದಿರುವುದು ಅಥವಾ ಅದು ಅಮಾನತಿನಲ್ಲಿರುವುದು, ಕುಡಿದು ಅಥವಾ ಮಾದಕ ವಸ್ತು ಸೇವಿಸಿ ಓಡಿಸುವುದು, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು, ರೇಸಿಗೆ ಬಳಸುವುದು, ಸುಳ್ಳು ಹೇಳಿ ಪಾಲಿಸಿ ಮಾಡಿಸುವುದು, ಪ್ರೀಮಿಯಂ ಹಣ ಕಂಪನಿಗೆ ತಲುಪದೇ ಇರುವುದು, ಇಂಥವು ಅದರಲ್ಲಿವೆ. ಮೊಬೈಲ್ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ ಬೇರೆ ಷರತ್ತನ್ನು ಕಂಪನಿ ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರೂ ಮೂರನೆಯವರ ಮಟ್ಟಿಗೆ ಅದಕ್ಕೆ ಬೆಲೆ ಇಲ್ಲ ಅಂತ ಅದೇ ಕಲಮು ಹೇಳುತ್ತದೆ.

ಆದರೆ ಮೊಬೈಲ್ ಹಿಂಬಾಗಿಲಿನಿಂದ ಒಳಗೆ ಬರಬಹುದು, ಹುಷಾರಾಗಿರಬೇಕು. ಗಾಡಿ ಓಡಿಸುವಾಗ ಮೊಬೈಲ್ ಬಳಸುವುದು ಡಿ.ಎಲ್. ಅಮಾನತಿಗೆ ಒಂದು ಕಾರಣ ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಹಾಗೆ ಆರ್.ಟಿ.ಓ. ಅಮಾನತು ಮಾಡಿದ ಮೇಲೂ “ಮೂರು ತಿಂಗಳು ತಾನೇ, ಯಾರು ನೋಡ್ತಾರೆ” ಅಂತ ಮಗ ಗಾಡಿ ತೆಗೆದು, ಆಗ ಅಪಘಾತವಾದರೆ, ಅದು ಡಿ.ಎಲ್. ಇಲ್ಲದೆ ಓಡಿಸಿದ ಹಾಗೆಯೇ. ಆಗ ಕಂಪನಿಗೆ ಕಾರಣ ಸಿಕ್ಕಿತು. ಡಿ.ಎಲ್. ದೋಷವಿರುವ ಪ್ರಕರಣಗಳಲ್ಲಿ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಅಂತ ನ್ಯಾಯಾಲಯಗಳು ಕಂಪನಿಗೆ ಹೇಳುವುದುಂಟು. ಸುಪ್ರೀಂ ಕೋರ್ಟಿನ 2004ರ ಒಂದು ಪ್ರಸಿದ್ಧ ತೀರ್ಪು ಈ ದಾರಿಯನ್ನು ವಿವರಿಸಿದೆ. ಗಾಯಾಳುವಿಗೆ ಇದರಿಂದ ಅನುಕೂಲ. ಆದರೆ ವಸೂಲಿ ನೋಟೀಸು ಬರುವುದು ಆರ್.ಸಿ.ಯಲ್ಲಿ ಹೆಸರಿರುವ ತಾಯಿಗೆ.

ಹದಿನೆಂಟು ತುಂಬದ ಮಕ್ಕಳ ಕೈಗೆ ಕೀ ಕೊಡುವವರಿಗೂ ಇದೇ ಗತಿ. ಅದರ ಮೇಲೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ.

ಇನ್ಶೂರೆನ್ಸ್ ಮುಗಿದು ಹೋಗಿದ್ದರೆ?

ನಿಜವಾದ ಭಯ ಇರಬೇಕಾದದ್ದು ಇಲ್ಲಿ. ಹೊಸ ದ್ವಿಚಕ್ರ ವಾಹನ ತೆಗೆದುಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಶೋರೂಮಿನಲ್ಲೇ ಆಗಿರುತ್ತದೆ. ಆರನೇ ವರ್ಷ ಯಾರಿಗೂ ನೆನಪಿರುವುದಿಲ್ಲ. ಪಾಲಿಸಿ ಮುಗಿದ ಮರುದಿನ ಅಪಘಾತವಾದರೂ ಕಂಪನಿಗೂ ನಮಗೂ ಸಂಬಂಧವಿಲ್ಲ. ನ್ಯಾಯಮಂಡಳಿ ಹೇಳಿದ ಪೂರ್ತಿ ಹಣವನ್ನು ಓಡಿಸಿದವನೂ ಮಾಲೀಕರೂ ಸೇರಿ ಕೊಡಬೇಕು. ಕೊಡದಿದ್ದರೆ ಭೂ ಕಂದಾಯ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ. ಅಂದರೆ ಮನೆ, ಜಮೀನು ಜಪ್ತಿಗೆ ಬರಬಹುದು. “ನಾನು ಓಡಿಸಿಲ್ಲ, ಮಗ ಓಡಿಸಿದ್ದು” ಅಂದರೆ ನಡೆಯುವುದಿಲ್ಲ. ನಿಮ್ಮ ಒಪ್ಪಿಗೆಯಿಂದ ಗಾಡಿ ತೆಗೆದವನ ತಪ್ಪಿಗೆ ಕಾನೂನಿನಲ್ಲಿ ನೀವೂ ಹೊಣೆ.

ಗಾಡಿ ಮಾರಿದ ಮೇಲೆ ಆರ್.ಸಿ. ಬದಲಾಯಿಸದೆ ಬಿಟ್ಟವರೂ ಇದನ್ನು ಓದಿಕೊಳ್ಳಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಹಾಗೆಯೇ, ವಿಮೆ ಕೊಡುವುದು ಪರಿಹಾರ ಮಾತ್ರ. ದಂಡವನ್ನಾಗಲಿ ಜೈಲನ್ನಾಗಲಿ ಕಂಪನಿ ಹೊರುವುದಿಲ್ಲ. ಮೊಬೈಲ್ ಕೈಯಲ್ಲಿ ಹಿಡಿದು ಓಡಿಸುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆ ಎಂದೇ ಸೇರಿಸಿತು. ಕಾಯ್ದೆಯ ಪ್ರಕಾರ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಅಪಘಾತದಲ್ಲಿ ಜೀವ ಹೋದರೆ ಬೇರೆಯದೇ ಕೇಸು. ಹಳೆಯ ಐ.ಪಿ.ಸಿ. 304ಎ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. ದಾರಿ ತೋರಿಸುವ ಮ್ಯಾಪಿಗೆ ಮಾತ್ರ, ಚಾಲಕನ ಗಮನ ಕೆಡದ ಹಾಗೆ, ಫೋನ್ ಬಳಸಬಹುದು ಅಂತ 2020ರ ನಿಯಮದಲ್ಲಿದೆ. ಹೆಲ್ಮೆಟ್ ಒಳಗೆ ಸಿಕ್ಕಿಸಿದರೆ ಕೈಯಲ್ಲಿ ಹಿಡಿದ ಹಾಗಲ್ಲ ಅಂತ ವಾದ ಮಾಡುವ ಹುಡುಗರಿದ್ದಾರೆ. ಅಪಘಾತವಾದ ಮೇಲೆ ನ್ಯಾಯಮಂಡಳಿ ನೋಡುವುದು ಗಮನ ಎಲ್ಲಿತ್ತು ಅಂತ. ಈ ವಾದ ಅಲ್ಲಿ ಬಹಳ ದೂರ ಹೋಗುವುದಿಲ್ಲ.

ಗಾಯವಾದದ್ದು ನಮಗಾದರೆ

ಈಗ ಇನ್ನೊಂದು ಕಡೆ ನೋಡೋಣ. ಸಂತೆಯಿಂದ ಬರುವಾಗ ಆಟೋದವನು ಒಂದು ಕೈಯಲ್ಲಿ ಫೋನ್ ಹಿಡಿದು ಓಡಿಸಿ ಪಲ್ಟಿ ಮಾಡಿದ ಅಂತ ಇಟ್ಟುಕೊಳ್ಳಿ. ಒಳಗೆ ಕೂತವರ ತಪ್ಪು ಏನೂ ಇಲ್ಲ. ಆಟೋದ ವಿಮಾ ಕಂಪನಿಯಿಂದ ಪೂರ್ತಿ ಪರಿಹಾರ ಕೇಳಬಹುದು. ಆಟೋ ಮತ್ತು ಲಾರಿ ಎರಡರದ್ದೂ ತಪ್ಪಿದ್ದರೆ ಯಾರದ್ದು ಎಷ್ಟು ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ಪಡೆಯಬಹುದು ಅಂತ ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟ ಮಾಡಿದೆ.

ಆದರೆ ಎರಡು ಕಡೆ ನಮ್ಮ ಹೆಂಗಸರು ಮೋಸ ಹೋಗುತ್ತಾರೆ. ಒಂದು, ಕೂಲಿಗೆ ಹೋಗುವಾಗ ಗೂಡ್ಸ್ ಗಾಡಿಯ ಹಿಂದೆ ಹತ್ತಿಕೊಳ್ಳುವುದು. ಸಾಮಾನಿನ ಜೊತೆ ಹೋಗುವ ಸಾಮಾನಿನ ಮಾಲೀಕರಿಗೆ ವಿಮೆ ಇದೆ, ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ಇಲ್ಲ. ಸುಪ್ರೀಂ ಕೋರ್ಟು 2003ರಲ್ಲೇ ಹೀಗೆ ತೀರ್ಮಾನಿಸಿದೆ. ಚಾಲಕ ಮೊಬೈಲಿನಲ್ಲಿದ್ದ ಅಂತ ನೂರು ಸಾಕ್ಷಿ ಇದ್ದರೂ ಕಂಪನಿ ಕೈ ಎತ್ತಬಹುದು. ಆಗ ಗಾಡಿ ಮಾಲೀಕನ ಹಿಂದೆ ಅಲೆಯಬೇಕು. ಎರಡನೆಯದು, ಬೈಕಿನ ಹಿಂದಿನ ಸೀಟು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತವರು ಆ ಬೈಕಿನ ವಿಮಾ ಕಂಪನಿಯಿಂದ ಹಣ ಕೇಳುವುದು ಕಷ್ಟ. ಜನ ‘ಫುಲ್ ಇನ್ಶೂರೆನ್ಸ್’ ಅನ್ನುವ ಪಾಲಿಸಿ ಇದ್ದರೆ ಹಿಂದೆ ಕೂತವರಿಗೂ ಸಿಗುತ್ತದೆ. ಗಂಡನ ಬೈಕಿನ ಹಿಂದೆ ಕೂತು ಹೋಗುವವರು ನೀವೇ ತಾನೇ? ಈ ವ್ಯತ್ಯಾಸ ತಿಳಿದುಕೊಂಡು ಪಾಲಿಸಿ ಮಾಡಿಸಿ.

ಪರಿಹಾರದ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಇದು ಲೆಕ್ಕ ತಿಳಿಯಲು ನಾನೇ ಹಾಕಿದ್ದು, ಯಾರ ಕೇಸೂ ಅಲ್ಲ. 38 ವರ್ಷದ ಒಬ್ಬ ತಾಯಿ, ಹೊಲಿಗೆಯಿಂದ ತಿಂಗಳಿಗೆ 12,000 ದುಡಿಯುವವರು, ತೀರಿಕೊಂಡರು. ಗಂಡ, ಇಬ್ಬರು ಮಕ್ಕಳು, ಅತ್ತೆ ಅವರನ್ನು ಅವಲಂಬಿಸಿದ್ದಾರೆ. ಸ್ವಂತ ಉದ್ಯೋಗದವರಿಗೆ 40 ವರ್ಷದೊಳಗೆ ಮುಂದೆ ಹೆಚ್ಚಬಹುದಾದ ಆದಾಯ ಅಂತ ಶೇಕಡಾ 40 ಸೇರಿಸುತ್ತಾರೆ. 16,800 ಆಯಿತು. ನಾಲ್ಕರಿಂದ ಆರು ಅವಲಂಬಿತರಿದ್ದರೆ ತೀರಿಹೋದವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 12,600. ವರ್ಷಕ್ಕೆ 1,51,200. 36ರಿಂದ 40 ವಯಸ್ಸಿಗೆ ಅದನ್ನು 15ರಿಂದ ಗುಣಿಸುತ್ತಾರೆ. ಒಟ್ಟು 22,68,000 ರೂಪಾಯಿ. ಇದಲ್ಲದೆ ಅಂತ್ಯಕ್ರಿಯೆ ಖರ್ಚು ಮುಂತಾದವು ಬೇರೆ. ಈ ಗುಣಾಕಾರದ ಕ್ರಮ 2009ರ ಸುಪ್ರೀಂ ಕೋರ್ಟ್ ತೀರ್ಪಿನದು, ಶೇಕಡಾ 40ರ ಲೆಕ್ಕ 2017ರ ಇನ್ನೊಂದು ತೀರ್ಪಿನದು. ಮನೆಯಲ್ಲೇ ಇರುವ ಗೃಹಿಣಿಗೆ ಆದಾಯವೇ ಇಲ್ಲ, ಪರಿಹಾರ ಎಲ್ಲಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಹೇಳಿದೆ.

ಈಗ ಅದೇ ತಾಯಿಯೇ ಮೊಬೈಲಿನಲ್ಲಿ ಮಾತಾಡುತ್ತಾ ಸ್ಕೂಟರ್ ಓಡಿಸಿದ್ದರು, ಎದುರಿನ ಕಾರಿನವನದ್ದೂ ತಪ್ಪಿತ್ತು ಅಂತ ಇಟ್ಟುಕೊಳ್ಳಿ. ಆಗ ನ್ಯಾಯಮಂಡಳಿ ತಪ್ಪನ್ನು ಹಂಚುತ್ತದೆ. ಅವರ ಪಾಲು ಶೇಕಡಾ 25 ಅಂತ ತೀರ್ಮಾನವಾದರೆ ಆ ಮೊತ್ತದಲ್ಲಿ 5,67,000 ರೂಪಾಯಿ ಹೋಯಿತು. ಫೋನಿನಲ್ಲಿ ಎರಡು ನಿಮಿಷ ಮಾತಾಡಿದ್ದಕ್ಕೆ ಮಕ್ಕಳ ಪಾಲಿನಿಂದ ಅಷ್ಟು ಹಣ. ರಸ್ತೆ ದಾಟುವಾಗ ಫೋನ್ ಕಿವಿಗೆ ಇಟ್ಟುಕೊಂಡ ಪಾದಚಾರಿಗೂ ಹೀಗೆ ಕಡಿತವಾಗಬಹುದು.

ಫೋನಿನಲ್ಲಿದ್ದದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೀರಿ. ನೋಡಿದವರ ಹೇಳಿಕೆ ಇದೆ, ರಸ್ತೆ ಬದಿಯ ಅಂಗಡಿಗಳ ಕ್ಯಾಮೆರಾ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ನಂಬರಿನಿಂದ ಯಾವಾಗ ಕರೆ ಬಂತು, ಎಷ್ಟು ಹೊತ್ತು ಮಾತಾಡಿದರು ಎಂಬ ವಿವರ ಮೊಬೈಲ್ ಕಂಪನಿಯಲ್ಲಿರುತ್ತದೆ. ಪೊಲೀಸರು ಅದನ್ನು ತರಿಸಬಹುದು. ಅಪಘಾತದ ಸಮಯ ಮತ್ತು ಕರೆಯ ಸಮಯ ಹೊಂದಿಕೆಯಾಗಬೇಕು. ಈ ದಾಖಲೆ ಎಂದೆಂದಿಗೂ ಇರುವುದಿಲ್ಲ, ಕ್ಯಾಮೆರಾದ ಚಿತ್ರವಂತೂ ಕೆಲವೇ ದಿನಗಳಲ್ಲಿ ಅಳಿಸಿ ಹೋಗುತ್ತದೆ. ಆದ್ದರಿಂದ ದೂರು ಕೊಡುವಾಗಲೇ “ಚಾಲಕ ಮೊಬೈಲಿನಲ್ಲಿ ಮಾತಾಡುತ್ತಿದ್ದ” ಎಂಬ ಮಾತನ್ನು, ಅದು ನಿಜವಾಗಿದ್ದರೆ, ಬರೆಸಬೇಕು.

ಆಸ್ಪತ್ರೆಯಲ್ಲಿ ಬರೆಸುವ ಮೊದಲ ಸಾಲು

ಇದು ನಾನು ಹಲವು ಕೇಸುಗಳಲ್ಲಿ ಕಂಡದ್ದು, ಅದಕ್ಕೇ ಒತ್ತಿ ಹೇಳುತ್ತೇನೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದಾಗ ಗಾಬರಿಯಲ್ಲಿ, ಇಲ್ಲವೇ ಪೊಲೀಸು ಕೋರ್ಟು ಯಾಕೆ ಅಂತ ಹೆದರಿ, “ಗಾಡಿಯಿಂದ ಬಿದ್ದರು” ಅಂತ ಹೇಳಿಬಿಡುತ್ತಾರೆ. ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಎಂ.ವಿ.ಸಿ. ಕೇಸಿನಲ್ಲಿ ಕಂಪನಿಯ ವಕೀಲರು ಆ ಕಾಗದ ತೆಗೆದು, ಸ್ವತಃ ಬಿದ್ದದ್ದು, ಯಾವ ಗಾಡಿಯೂ ಗುದ್ದಿಲ್ಲ ಅನ್ನುತ್ತಾರೆ. ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ ಗುದ್ದಿತು ಎಂಬುದನ್ನು ಮೊದಲ ದಿನವೇ ಸರಿಯಾಗಿ ಬರೆಸಿ.

ಇನ್ನೊಂದು, ರಸ್ತೆ ಬದಿಯ ರಾಜಿ. ಗುದ್ದಿದವನು ಐದು ಸಾವಿರ ಕೈಗಿಟ್ಟು ಹೋಗುತ್ತಾನೆ. ಒಳಗಿನ ಪೆಟ್ಟು ತಿಳಿಯುವುದು ಮೂರನೇ ದಿನ. ಎಫ್.ಐ.ಆರ್. ತಡವಾದಷ್ಟೂ, ಬೇಕೆಂದೇ ಯಾವುದೋ ಗಾಡಿ ಸೇರಿಸಿದ್ದಾರೆ ಎಂಬ ಅನುಮಾನಕ್ಕೆ ಜಾಗವಾಗುತ್ತದೆ.

ಚಿಕಿತ್ಸೆಯ ಖರ್ಚಿಗೆ ಈಗ ಒಂದು ಅನುಕೂಲ ಬಂದಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1,50,000 ರೂಪಾಯಿ ತನಕ ನಗದು ಕೊಡದೆ ಚಿಕಿತ್ಸೆ ಪಡೆಯಬಹುದು. ಗಾಯಾಳುವನ್ನು ಕರೆತಂದವರನ್ನು ಪೀಡಿಸುವಂತಿಲ್ಲ ಅಂತಲೂ ಕಾಯ್ದೆಯಲ್ಲಿದೆ.

ಪರಿಹಾರದ ಅರ್ಜಿಯನ್ನು ಅಪಘಾತವಾದ ಸ್ಥಳದ ಅಥವಾ ನೀವು ವಾಸವಿರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಈ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ, ತಡವಾಯಿತು ಎಂಬ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರಲ್ಲಿ ಮಧ್ಯಂತರ ಆದೇಶವೂ ಆಗಿದೆ. ಆದರೂ ನೀವು ಆರು ತಿಂಗಳು ದಾಟಿಸಬೇಡಿ. ವಕೀಲರ ಫೀಸಿಗೆ ಹಣವಿಲ್ಲ ಅಂತ ಸುಮ್ಮನಾಗಬೇಡಿ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಬೇರೆ ಯೋಜನೆ ಇದೆ.

ಓಡಿಸಿದವನೇ ಸತ್ತರೆ?

ಫೋನಿನಲ್ಲಿ ಮಾತಾಡುತ್ತಾ ಹೋಗಿ ಮರಕ್ಕೋ ಮೋರಿಗೋ ಗುದ್ದಿ, ಓಡಿಸಿದವನೇ ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಏನು? ಥರ್ಡ್ ಪಾರ್ಟಿ ವಿಮೆಯಿಂದ ಏನೂ ಇಲ್ಲ. ಅವನು ಮೂರನೆಯವನಲ್ಲ, ತಪ್ಪು ಮಾಡಿದವನೇ ಅವನು. 2014ರಲ್ಲಿ ಅರಸೀಕೆರೆ ಕಡೆ ಹೋಗುತ್ತಿದ್ದ ಒಂದು ಕಾರು ಮಗುಚಿ ಓಡಿಸುತ್ತಿದ್ದವರು ತೀರಿಹೋದರು. ಕುಟುಂಬದವರು 80 ಲಕ್ಷ ಕೇಳಿದ್ದರು. ಅತಿ ವೇಗದ, ಅಜಾಗರೂಕ ಚಾಲನೆಯೇ ಕಾರಣ ಅಂತ ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಸಹ ಒಪ್ಪಲಿಲ್ಲ. ಅದು ವೇಗದ ಪ್ರಕರಣ, ಆದರೆ ಮೊಬೈಲಿಗೂ ನ್ಯಾಯ ಒಂದೇ.

ಇಂಥ ಕುಟುಂಬಕ್ಕೆ ಉಳಿಯುವುದು ಎರಡು ದಾರಿ. ಪಾಲಿಸಿಯಲ್ಲಿ ‘ಮಾಲೀಕ-ಚಾಲಕ’ನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಇಲ್ಲಿ ಯಾರ ತಪ್ಪು ಅಂತ ನೋಡುವುದಿಲ್ಲ, ಕುಡಿದಿದ್ದರೆ ಮಾತ್ರ ಸಿಗುವುದಿಲ್ಲ. ಆದರೆ ಹೆಸರು ಗಮನಿಸಿ, ಮಾಲೀಕನೇ ಚಾಲಕನಾಗಿರಬೇಕು, ಡಿ.ಎಲ್. ಇರಬೇಕು. ಗಾಡಿ ತಾಯಿಯ ಹೆಸರಿನಲ್ಲಿ, ಓಡಿಸಿದ್ದು ಮಗ ಅಂದರೆ ಈ 15 ಲಕ್ಷ ಮಗನಿಗೆ ಅನ್ವಯಿಸುವುದಿಲ್ಲ. ಮಹಿಳೆಯ ಹೆಸರಿನಲ್ಲಿ ಆಸ್ತಿ ಇರಲಿ ಅಂತ ನಾವೇ ಸಂಘಗಳಲ್ಲಿ ಹೇಳಿದ್ದೇವೆ. ಗಾಡಿಯ ವಿಷಯದಲ್ಲಿ ಮಾತ್ರ ದಿನಾ ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲಿ ಇರುವುದೇ ಒಳ್ಳೆಯದು ಅಂತ ಈಗ ನನಗೆ ಅನ್ನಿಸುತ್ತದೆ.

ಎರಡನೆಯದು, ಬ್ಯಾಂಕ್ ಖಾತೆಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ, 18ರಿಂದ 70 ವರ್ಷದವರಿಗೆ. ಜೂನ್ 1ರಿಂದ ವರ್ಷ ಶುರು. ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ನಿಂತುಹೋದವರನ್ನು ನಾನು ಕಂಡಿದ್ದೇನೆ. ಸಂಘದ ಪ್ರತಿನಿಧಿಗಳು ಮೇ ತಿಂಗಳ ಸಭೆಯಲ್ಲಿ ಇದನ್ನು ನೆನಪಿಸಲಿ.

ಆ ಸದಸ್ಯೆಯ ವಿಷಯ ಹೇಳಿ ಮುಗಿಸುತ್ತೇನೆ. ಆ ದಿನವೇ ಪೆಟ್ಟಿಗೆ ತೆಗೆದು ಕಾಗದ ನೋಡಿದೆವು. ಪಾಲಿಸಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು, ಮಗನ ಡಿ.ಎಲ್. ಸರಿಯಾಗಿತ್ತು. ಅಪಘಾತದ ವಿಷಯವನ್ನು ಕಂಪನಿಗೆ ಬರೆದು ತಿಳಿಸಿ, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡೆವು. ಕೆಲವು ತಿಂಗಳ ಮೇಲೆ ನ್ಯಾಯಮಂಡಳಿಯಿಂದ ಸಮನ್ಸ್ ಬಂತು. ಅದನ್ನು ಕಂಡು ಅವರು ಮತ್ತೆ ಹೆದರಿದರು. ಮಾಲೀಕರ ಹೆಸರಿಗೆ ಸಮನ್ಸ್ ಬಂದೇ ಬರುತ್ತದೆ, ಹೋಗದೆ ಇರಬಾರದು, ಪಾಲಿಸಿ ಮತ್ತು ಡಿ.ಎಲ್. ಪ್ರತಿ ಹಾಜರುಪಡಿಸಬೇಕು ಅಂತ ವಕೀಲರು ತಿಳಿಸಿಕೊಟ್ಟರು. ಹಾಗೆ ಮಾಡಿದರು. ಆ ಹಿರಿಯರ ಪರಿಹಾರದ ಕೇಸು ಈಗ ಕಂಪನಿಯ ಮೇಲೆ ನಡೆಯುತ್ತಿದೆ. ಮಗನ ಮೇಲಿನ ಪೊಲೀಸ್ ಕೇಸು ಬೇರೆ ನಡೆಯುತ್ತಿದೆ, ಅದರ ವಕೀಲರ ಫೀಸು, ದಂಡ ಎಲ್ಲ ಅವರದ್ದೇ. ಸ್ಕೂಟರಿನ ಸಾಲಕ್ಕೆ ಇನ್ನು ಒಂಬತ್ತು ಕಂತು ಬಾಕಿ ಇದೆ.